ರಾಯಚೂರು ಕದನ (1520)

ಕೃಷ್ಣಾ–ತುಂಗಭದ್ರಾ ನಡುವಣ ರಾಯಚೂರು ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧ. ದಕ್ಷಿಣದಲ್ಲಿ ಫಿರಂಗಿ, ಕೋವಿಗಳು ಭಾರಿ ಪ್ರಮಾಣದಲ್ಲಿ ಬಳಕೆಯಾದ ಮೊದಮೊದಲ ಕದನಗಳಲ್ಲೊಂದು. ಮೊದಲ ಪಾಣಿಪತ್ ಕದನಕ್ಕಿಂತ 6 ವರ್ಷ ಹಿಂದಿನದು. ವಿವರಗಳಿಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನ ಬರಹವೇ ಮುಖ್ಯ ಆಧಾರ. ಅವನು ಕೊಡುವ ಏಳು ಲಕ್ಷ ಕಾಲಾಳುಗಳ ಲೆಕ್ಕವನ್ನು ಮಾತ್ರ ನಂಬುವುದು ಕಷ್ಟ.

ಕೃಷ್ಣೆ ದಾಟಿ ಬಂದ ಆದಿಲ್ ಶಾಹನ ಫಿರಂಗಿಗಳು ಮೊದಲ ಹೊಡೆತಕ್ಕೇ ವಿಜಯನಗರದ ಮುಂಚೂಣಿಯನ್ನು ಚದುರಿಸಿದವು. ಆದರೆ ಆ ಕಾಲದ ಫಿರಂಗಿಗೆ ಮತ್ತೆ ಮದ್ದು ಗಿಡಿದು ಗುಂಡು ಹಾರಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ರಾಯನ ಪ್ರತಿದಾಳಿಗೆ ಬಿಜಾಪುರದ ಸೇನೆ ನದಿಯತ್ತ ಓಡಿತು. ಫಿರಂಗಿಗಳು ಗೆದ್ದವರ ಪಾಲಾದವು.

ಆ ಬಳಿಕ ರಾಯನು ಮುಂದುವರಿಸಿದ ಕೋಟೆಯ ಮುತ್ತಿಗೆಯಲ್ಲಿ ಕೆಲಸಕ್ಕೆ ಬಂದದ್ದು ಕೈಕೋವಿ. ರಾಯನ ಪರವಾಗಿದ್ದ ಪೋರ್ಚುಗೀಸ್ ಕ್ರಿಸ್ತೋವಾವ್ ದ ಫಿಗೆರೇದೊನ ಜೊತೆಗಿದ್ದ ಸುಮಾರು 20 ಪೋರ್ಚುಗೀಸ್ ಕೋವಿಗಾರರು ಗೋಡೆಯ ಮೇಲೆ ತಲೆ ತೋರಿದವರನ್ನು ಗುರಿಯಿಟ್ಟು ಹೊಡೆದರು. ಆ ಮರೆಯಲ್ಲಿ ರಾಯನ ಆಳುಗಳು ಕೋಟೆಯ ಕಲ್ಲು ಕಿತ್ತರು. ಕೋಟೆಯ ನಾಯಕ ಹಣೆಗೆ ಗುಂಡು ತಗುಲಿ ಸತ್ತ ಮೇಲೆ ಒಳಗಿದ್ದವರು ಶರಣಾದರು.