ಕ್ವೀನ್+: ಗ್ರೇಟೆಸ್ಟ್ ಹಿಟ್ಸ್ 3

ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ತೀರಿಕೊಂಡ ಮೇಲೆ ಕ್ವೀನ್ ಹಾಡುಗಳಿಗೆ ದನಿಯಾಗುವವರು ಯಾರು? 1999ರ ನವೆಂಬರಿನಲ್ಲಿ ಬಂದ ಈ ಸಂಕಲನದ ಹೊದಿಕೆಯ ಮೇಲೆ ಬ್ಯಾಂಡಿನ ಹೆಸರಿನ ಪಕ್ಕದಲ್ಲೇ ಒಂದು ಕೂಡಿಸುವ ಚಿಹ್ನೆ ಇದೆ. ಒಳಗೆ ಅತಿಥಿಗಳ ದಂಡು.

'ಸಮ್‌ಬಡಿ ಟು ಲವ್' ಜಾರ್ಜ್ ಮೈಕೆಲ್ ಪಾಲಿನದು. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 1992ರ ಏಪ್ರಿಲ್ 20ರಂದು ಫ್ರೆಡ್ಡಿ ಸ್ಮರಣಾರ್ಥ ನಡೆದ ಕಛೇರಿಯಲ್ಲಿ ಅವರು ಹಾಡಿದ್ದು. 'ದ ಶೋ ಮಸ್ಟ್ ಗೋ ಆನ್' 1997ರ ಜನವರಿಯದು. ಪ್ಯಾರಿಸ್ಸಿನಲ್ಲಿ ಮಾರಿಸ್ ಬೆಜಾರ್ ಅವರ ಬ್ಯಾಲೆ ಪ್ರದರ್ಶನದಂದು ಎಲ್ಟನ್ ಜಾನ್ ಹಾಡಿದರು. ಬಾಸ್ ಗಿಟಾರಿನ ಜಾನ್ ಡೀಕನ್ ಬ್ಯಾಂಡಿನೊಂದಿಗೆ ವೇದಿಕೆ ಏರಿದ್ದು ಅದೇ ಕೊನೆ.

ಹಾಗೆಂದು ಫ್ರೆಡ್ಡಿ ಇಲ್ಲಿಲ್ಲವೆಂದಲ್ಲ. ಒಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ ಜೊತೆಗಿನ 'ಬಾರ್ಸಿಲೋನಾ' ಇದೆ. ನಿಜಕ್ಕೂ ಅದು ಕ್ವೀನ್ ಹಾಡಲ್ಲ, 1987ರಲ್ಲಿ ಅವರಿಬ್ಬರೇ ಹೊರತಂದದ್ದು!