ತೋರಿಸಲೆಂದು ಬರೆದ ಚಿತ್ರಗಳು: ವ್ಯಾನ್ ಗೋನ ಕಲಿಕೆಯ ವರ್ಷಗಳಲ್ಲಿ ಪತ್ರ ಮತ್ತು ಟೀಕೆ (1880–1885)

ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರನಾಗಬೇಕೆಂದು ತೀರ್ಮಾನಿಸಿದ್ದು 1880ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಗುಪಿಲ್ ಎಂಬ ಕಲಾವ್ಯಾಪಾರ ಸಂಸ್ಥೆಯ ನೌಕರಿ ಅದಕ್ಕೂ ನಾಲ್ಕು ವರ್ಷ ಮೊದಲೇ ಹೋಗಿತ್ತು. ಬೆಲ್ಜಿಯಂನ ಬೊರಿನಾಜ್ ಗಣಿಸೀಮೆಯಲ್ಲಿ ಹಿಡಿದಿದ್ದ ಧರ್ಮಬೋಧಕನ ಕೆಲಸವೂ ಪರೀಕ್ಷಾರ್ಥ ಅವಧಿ ಮುಗಿದ ಮೇಲೆ ಮುಂದುವರಿಯಲಿಲ್ಲ. ಜನಪ್ರಿಯ ಜೀವನಚರಿತ್ರೆಗಳು ಇಲ್ಲಿಂದ ಒಂದೇ ನೆಗೆತಕ್ಕೆ ಆರ್ಲ್‌ನ ಸೂರ್ಯಕಾಂತಿಗಳನ್ನು ತಲುಪುತ್ತವೆ. ನಡುವಿನ ವರ್ಷಗಳು ಬಡತನ ಮತ್ತು ಒಂಟಿತನದ ಕಥೆಯಾಗಿ ಉಳಿಯುತ್ತವೆ. ಆ ವರ್ಷಗಳನ್ನು ಒಬ್ಬ ಹವ್ಯಾಸಿಯ ಕಲಿಕೆಯ ದಾಖಲೆಯಾಗಿ ಓದುವುದು ಈ ಲೇಖನದ ಉದ್ದೇಶ. ಬರೆದದ್ದನ್ನು ಎದೆಗುಂದದೆ ಇನ್ನೊಬ್ಬರ ಕಣ್ಣಿಗೆ ಒಡ್ಡುತ್ತಿದ್ದುದರಿಂದಲೇ ಅವನ ಕೈ ಪಳಗಿತು. ಅದರಲ್ಲೂ ತನ್ನಂತೆಯೇ ಕಲಿಯುತ್ತಿದ್ದ ಗೆಳೆಯನೊಬ್ಬನ ಟೀಕೆ ಹಿರಿಯರ ಪಾಠಕ್ಕಿಂತ ಹೆಚ್ಚು ನಾಟಿತು ಎಂಬುದು ನನ್ನ ವಾದ.

ಆಕರಗಳ ಬಗ್ಗೆ ಮೊದಲೇ ಒಂದು ಎಚ್ಚರಿಕೆ ಹೇಳಬೇಕು. 2009ರಲ್ಲಿ ಹೊರಬಂದ ಪತ್ರಗಳ ಸಮಗ್ರ ಆವೃತ್ತಿಯಲ್ಲಿ 902 ಪತ್ರಗಳಿವೆ. 819 ಅವನೇ ಬರೆದವು, ಹೆಚ್ಚಿನವು ತಮ್ಮ ಥಿಯೋಗೆ. ಅವುಗಳ ನಡುವೆ ಹಾಗೂ ಜೊತೆಗೆ ಇನ್ನೂರಕ್ಕೂ ಹೆಚ್ಚು ಕಿರುಚಿತ್ರಗಳಿವೆ. ಅವನಿಗೆ ಬಂದ ಪತ್ರಗಳಲ್ಲಿ ಉಳಿದದ್ದು ಮಾತ್ರ ಎಂಬತ್ತರ ಆಸುಪಾಸು. ಹಾಗಾಗಿ ಟೀಕೆಗಳು ನಮಗೆ ಬಹುತೇಕ ಅವನ ಉತ್ತರಗಳ ಮೂಲಕವೇ ಕೇಳಿಸುತ್ತವೆ. ಬೊರಿನಾಜ್‌ನಲ್ಲಿ ಬರೆದ ಚಿತ್ರಗಳಲ್ಲೂ ಕೆಲವಷ್ಟೇ ಉಳಿದಿವೆ.

ಮೊದಲ ಪಾಠ ಪುಸ್ತಕದ್ದು. ಶಾರ್ಲ್ ಬಾರ್ಗ್ ಎಂಬ ಕಲಾವಿದ ಚಿತ್ರಕಾರ ಜೆರೋಮ್‌ನ ಸಹಕಾರದಿಂದ ಸಿದ್ಧಪಡಿಸಿದ ಚಿತ್ರಾಭ್ಯಾಸದ ಹಾಳೆಗಳನ್ನು ಗುಪಿಲ್ ಸಂಸ್ಥೆಯೇ 1860ರ ದಶಕದ ಕೊನೆಯಿಂದ ಪ್ರಕಟಿಸುತ್ತ ಬಂದಿತ್ತು. ಅದರ ಇದ್ದಿಲಿನ ಅಭ್ಯಾಸಗಳ ಭಾಗದಲ್ಲಿ 60 ಹಾಳೆಗಳಿದ್ದವು. ಅದೇ ಸಂಸ್ಥೆಯ ಹೇಗ್ ಶಾಖೆಯ ಮುಖ್ಯಸ್ಥ, ಅಂದರೆ ತನ್ನ ಹಳೆಯ ಮೇಲಧಿಕಾರಿ ಟೆರ್ಸ್ಟೀಖ್‌ನಿಂದ ವಿನ್ಸೆಂಟ್ ಅವುಗಳನ್ನು ಎರವಲು ಪಡೆದ. ಕೆಲಸದಿಂದ ತೆಗೆದ ಮಳಿಗೆಯೇ ಅಕ್ಷರಾಭ್ಯಾಸ ಮಾಡಿಸಿದಂತಾಯಿತು! ಅರವತ್ತು ಹಾಳೆಗಳನ್ನೂ ಅವನು ನಕಲು ಮಾಡಿದ, ಮುಂದೆ ಮತ್ತೆ ಮೊದಲಿನಿಂದ ಮಾಡಿದ. ಈ ಅಭ್ಯಾಸ ಮನುಷ್ಯದೇಹವನ್ನು ಹೊರಗೆರೆಯ ಮೂಲಕ, ಕೋನ ಮತ್ತು ಅಳತೆಗಳ ಮೂಲಕ ನೋಡಲು ಕಲಿಸುತ್ತದೆ. ನಿಂತ ಮೈಯ ಭಾರ ಯಾವ ಕಾಲಿನ ಮೇಲಿದೆ, ಬಗ್ಗಿದ ಬೆನ್ನು ಎಷ್ಟು ದಣಿದಿದೆ ಎಂಬುದನ್ನು ಅದು ಕಲಿಸುವುದು ಕಡಿಮೆ. 1881ರಲ್ಲಿ ಎಟ್ಟೆನ್‌ನ ತಂದೆಯ ಮನೆಯಲ್ಲಿದ್ದಾಗ ಬರೆದ ರೈತರ ಚಿತ್ರಗಳಲ್ಲಿ ಈ ಗುಣ ಮತ್ತು ಕೊರತೆ ಎರಡೂ ಒಟ್ಟಿಗೇ ಕಾಣುತ್ತವೆ: ಗೆರೆ ಗಟ್ಟಿಯಾಗಿದೆ, ಆಕೃತಿ ಮರಗಟ್ಟಿದೆ.

ಈ ಕೊರತೆಯನ್ನು ಎತ್ತಿ ಹೇಳಿದವನು ಆಂತೋನ್ ವ್ಯಾನ್ ರಪಾರ್ಡ್. ವಿನ್ಸೆಂಟ್‌ಗಿಂತ ಐದು ವರ್ಷ ಚಿಕ್ಕವನು, ಶ್ರೀಮಂತ ಮನೆತನದವನು, ಅಕಾಡೆಮಿಯಲ್ಲಿ ಕಲಿಯುತ್ತಿದ್ದವನು. 1880ರ ಕೊನೆಗೆ ಬ್ರಸೆಲ್ಸ್‌ನಲ್ಲಿ ಇಬ್ಬರಿಗೂ ಪರಿಚಯವಾಯಿತು. ಎಟ್ಟೆನ್‌ನಲ್ಲಿ ಬರೆದ ಬಿತ್ತುವವನ ಚಿತ್ರವನ್ನು ನೋಡಿ ರಪಾರ್ಡ್ ಕೊಟ್ಟ ತೀರ್ಪು ವಿನ್ಸೆಂಟ್‌ನ ಉತ್ತರದಿಂದ ನಮಗೆ ತಿಳಿಯುತ್ತದೆ: ಇವನು ಬಿತ್ತುತ್ತಿಲ್ಲ, ಬಿತ್ತುವವನಂತೆ ನಿಂತು ತೋರಿಸುತ್ತಿದ್ದಾನೆ. ವಿನ್ಸೆಂಟ್ ಅದನ್ನು ಒಪ್ಪಿದ. ಇವು ಸದ್ಯಕ್ಕೆ ಮಾದರಿಯನ್ನು ನಿಲ್ಲಿಸಿಕೊಂಡು ಬರೆದ ಅಭ್ಯಾಸಗಳಷ್ಟೇ, ನಿಜವಾಗಿ ಬಿತ್ತುವವನನ್ನು ಬರೆಯಲು ಇನ್ನೂ ಒಂದೆರಡು ವರ್ಷ ಬೇಕು ಎಂಬ ಅರ್ಥದಲ್ಲಿ ಮರುಪತ್ರ ಬರೆದ. ಮುಂಗೋಪಿ ಎಂದು ಹೆಸರಾದವನ ಉತ್ತರವಿದು. ಹೊಗಳಿಕೆಯೂ ಅಲ್ಲದ, ಹೀಯಾಳಿಕೆಯೂ ಅಲ್ಲದ, ದೋಷವನ್ನು ಬೆರಳಿಟ್ಟು ತೋರಿಸುವ ಮಾತನ್ನು ಅವನು ನುಂಗಿಕೊಳ್ಳಬಲ್ಲವನಾಗಿದ್ದ. ಇಬ್ಬರೂ ಇಂಗ್ಲೆಂಡಿನ ಸಚಿತ್ರ ಪತ್ರಿಕೆಗಳ ಮರದಚ್ಚಿನ ಚಿತ್ರಗಳನ್ನು ಕೂಡಿಸುತ್ತಿದ್ದರು, ಹೆಚ್ಚುವರಿ ಪ್ರತಿಗಳನ್ನು ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಒಂದೇ ಚಿತ್ರಗಳನ್ನು ನೋಡುತ್ತ ಬೆಳೆದ ಇಬ್ಬರ ನಡುವೆ ಟೀಕೆಗೆ ಪೀಠಿಕೆ ಬೇಕಾಗಿರಲಿಲ್ಲ.

ಹಿರಿಯರ ಜೊತೆಗಿನ ಅನುಭವ ಬೇರೆ. ಹೇಗ್‌ನಲ್ಲಿ ಬಂಧುವೂ ಹೆಸರಾಂತ ಕಲಾವಿದನೂ ಆಗಿದ್ದ ಆಂಟನ್ ಮೌವ್ ಬಣ್ಣಗಳ ಪಾಠ ಹೇಳಿಕೊಟ್ಟ. ಪ್ಲಾಸ್ಟರ್ ಪ್ರತಿಕೃತಿಗಳನ್ನು ನೋಡಿ ಬರೆಯಬೇಕೆಂದು ಮೌವ್ ಹಟ ಹಿಡಿದಾಗ ಸಂಬಂಧ ಕೆಟ್ಟಿತು. ವಿನ್ಸೆಂಟ್ ಆ ಪ್ರತಿಕೃತಿಗಳನ್ನು ಒಡೆದು ಕಲ್ಲಿದ್ದಲ ತೊಟ್ಟಿಗೆ ಎಸೆದ. ಆಮೇಲೆ ತನ್ನ ದಾರಿಯಲ್ಲೇ ಕಲಿಯುತ್ತ, 1882ರ ಬೇಸಿಗೆಯಲ್ಲಿ ದೂರ-ಸಮೀಪದ ಅಳತೆ ಹಿಡಿಯಲು ದಾರ ಕಟ್ಟಿದ ಚೌಕಟ್ಟೊಂದನ್ನು ಮಾಡಿಸಿಕೊಂಡು, ಅದರ ಚಿತ್ರವನ್ನೂ ಪತ್ರದಲ್ಲಿ ಬರೆದು ಥಿಯೋಗೆ ಕಳಿಸಿದ. ಥಿಯೋ ತಿಂಗಳು ತಿಂಗಳು ಹಣ ಕಳಿಸುತ್ತಿದ್ದವನು. ಅವನಿಗೆ ಹೋಗುತ್ತಿದ್ದ ಚಿತ್ರಗಳಲ್ಲಿ ಲೆಕ್ಕ ಒಪ್ಪಿಸುವ ಧಾಟಿಯೂ ಇದೆ.

ಗೆಳೆಯನ ಟೀಕೆಯೇ ಹೆಚ್ಚು ನಾಟಿತೆಂಬ ವಾದಕ್ಕೆ ನಿಜವಾದ ಪರೀಕ್ಷೆ 1885. ‘ಆಲೂಗಡ್ಡೆ ತಿನ್ನುವವರು’ ವರ್ಣಚಿತ್ರ ಮುಗಿಯುವ ಮೊದಲೇ ಏಪ್ರಿಲ್‌ನಲ್ಲಿ ವಿನ್ಸೆಂಟ್ ಅದರ ಕಲ್ಲಚ್ಚನ್ನು ಐಂಡ್‌ಹೋವನ್‌ನ ಮುದ್ರಣಾಲಯವೊಂದರಲ್ಲಿ ತೆಗೆಸಿದ. ನೆನಪಿನಿಂದ, ಒಂದೇ ದಿನದಲ್ಲಿ, ನೇರವಾಗಿ ಕಲ್ಲಿನ ಮೇಲೆ ಬರೆದದ್ದು. ಅದರ ಪ್ರತಿ ಕೈಗೆ ಬಂದಾಗ ರಪಾರ್ಡ್ ಮೇ 24ರಂದು ಬರೆದ ಪತ್ರ ಅದೃಷ್ಟವಶಾತ್ ಉಳಿದಿದೆ. ಗಂಡಸಿನ ಮೈಯಲ್ಲಿ ಮಂಡಿ, ಹೊಟ್ಟೆ, ಶ್ವಾಸಕೋಶಗಳಿಗೆ ಎಡೆಯಿಲ್ಲ; ತೋಳು ತೀರ ಗಿಡ್ಡ; ಹಿಂದಿನ ಹೆಂಗಸಿನ ಕೈ ನಿಜವೆನಿಸುವುದಿಲ್ಲ; ಇಷ್ಟು ಮೇಲುಮೇಲಿನ ನೋಟವೇಕೆ ಎಂಬುದು ಅದರ ಸಾರ. ವಿನ್ಸೆಂಟ್ ಪತ್ರವನ್ನೇ ಹಿಂದಿರುಗಿಸಿದ. ತಿಂಗಳುಗಟ್ಟಲೆ ವಾದ ನಡೆಯಿತು, ಐದು ವರ್ಷದ ಗೆಳೆತನ ಮುಗಿಯಿತು. ರಪಾರ್ಡ್ ವರ್ಣಚಿತ್ರವನ್ನು ನೋಡದೆ, ಅವಸರದ ಅಚ್ಚನ್ನು ಮಾತ್ರ ನೋಡಿ ತೀರ್ಪು ಕೊಟ್ಟದ್ದು ನಿಜ. ಅವನ ದನಿಯಲ್ಲಿ ಅಕಾಡೆಮಿಯ ಬಿಗುಮಾನ ಇದ್ದದ್ದೂ ನಿಜ. ಆದರೆ ತೋಳಿನ ಬಗ್ಗೆ ಅವನು ಹೇಳಿದ್ದು ತಪ್ಪಲ್ಲ.

ಇಲ್ಲಿಗೆ ನಿಲ್ಲಿಸುವ ಜೀವನಚರಿತ್ರೆಕಾರರು ಆ ಬೇಸಿಗೆಯ ಚಿತ್ರಗಳನ್ನು ಸಾಕಷ್ಟು ನೋಡಿಲ್ಲವೆಂದೇ ಹೇಳಬೇಕು. ತಲೆಗಳು ಬಂದಷ್ಟು ಚೆನ್ನಾಗಿ ಮೈಗಳು ಬಂದಿಲ್ಲವೆಂದು ಥಿಯೋ ಕೂಡ ಬರೆದಿದ್ದ. ವಿನ್ಸೆಂಟ್ ಅದನ್ನು ಒಪ್ಪಿದ್ದ. ಹೊರಗೆರೆಯಿಂದ ಶುರುಮಾಡದೆ ಮೈಯ ನಡುಭಾಗದಿಂದ, ಅಂಡಾಕಾರಗಳಿಂದ ಕಟ್ಟಬೇಕೆಂಬ, ಚಿತ್ರಕಾರ ದೆಲಕ್ರೋವಾನದೆಂದು ತಾನು ಓದಿದ್ದ ವಿಧಾನವನ್ನು ಹಿಡಿದು, ಆಗ ನೆಲೆಸಿದ್ದ ನ್ಯೂನೆನ್‌ನಲ್ಲಿ ಅಗೆಯುವ, ಕೊಯ್ಯುವ, ತೆನೆ ಆಯುವ ರೈತರನ್ನು ದೊಡ್ಡ ಹಾಳೆಗಳಲ್ಲಿ ಬರೆದ. ಆ ಬೆನ್ನುಗಳಿಗೆ ಗಾತ್ರವಿದೆ, ಬಟ್ಟೆಯೊಳಗೆ ಮೈಯಿದೆ. ನಾಲ್ಕು ವರ್ಷದ ಹಿಂದಿನ ಬಿತ್ತುವವನ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ ರಪಾರ್ಡ್‌ನ ಎರಡೂ ಟೀಕೆಗಳಿಗೆ ಇವೇ ಉತ್ತರವೆನಿಸುತ್ತದೆ. ಪತ್ರದಲ್ಲಿ ಒಪ್ಪದ್ದನ್ನು ಅವನು ಕಪ್ಪು ಚಾಕ್‌ನಲ್ಲಿ ಒಪ್ಪಿಕೊಂಡ ಎಂಬುದು ನನ್ನ ಊಹೆ. ನೇರ ಸಾಕ್ಷ್ಯವಿಲ್ಲ, ಚಿತ್ರಗಳ ಕಾಲಕ್ರಮವಷ್ಟೇ ಇದೆ.

ತೋರಿಸುವ ಅಭ್ಯಾಸ ಮುಂದೆಯೂ ನಿಲ್ಲಲಿಲ್ಲ. 1888ರ ಜುಲೈ-ಆಗಸ್ಟ್‌ನಲ್ಲಿ ತನ್ನ ವರ್ಣಚಿತ್ರಗಳನ್ನೇ ಆಧರಿಸಿ ಬರೆದ 32 ರೇಖಾಚಿತ್ರಗಳಲ್ಲಿ 15 ಚಿತ್ರಕಾರ ಗೆಳೆಯ ಎಮಿಲ್ ಬರ್ನಾರ್‌ಗೆ, 12 ಇನ್ನೊಬ್ಬ ಚಿತ್ರಕಾರ ಗೆಳೆಯ ಜಾನ್ ರಸೆಲ್‌ಗೆ, 5 ಥಿಯೋಗೆ ಹೋದವು. ಒಂದೇ ದೃಶ್ಯದ ಚುಕ್ಕಿ-ಗೆರೆಗಳು ನೋಡುವವನಿಗೆ ತಕ್ಕಂತೆ ಬದಲಾಗಿವೆ. ಸಾಯುವ ವರ್ಷ, 1890ರಲ್ಲಿ, ಅವನು ಥಿಯೋನಿಂದ ಬಾರ್ಗ್‌ನ ಇದ್ದಿಲಿನ ಹಾಳೆಗಳನ್ನು ಮತ್ತೆ ಕೇಳಿದ.

ಚಿತ್ರಗಳ ಸಮೇತ ಇಡೀ ಪತ್ರಸಂಗ್ರಹವನ್ನು ಆಮ್‌ಸ್ಟರ್‌ಡಾಮ್‌ನ ವ್ಯಾನ್ ಗೋ ಮ್ಯೂಸಿಯಂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಮ್ಮ ಕಲಾಶಾಲೆಗಳಲ್ಲಿ ರೇಖಾಚಿತ್ರ ಕಲಿಸುವವರು ಸೂರ್ಯಕಾಂತಿಗಳಿಗೆ ಮೊದಲು 1881ರ ಮತ್ತು 1885ರ ಪತ್ರಗಳನ್ನು ವಿದ್ಯಾರ್ಥಿಗಳ ಮುಂದಿಡಬೇಕು. ರಪಾರ್ಡ್‌ನ ಆ ಒಂದು ಪತ್ರವನ್ನಂತೂ ತಪ್ಪದೆ ಓದಿಸಬೇಕು.