ವಿವಾಹಾಭರಣವೂ ಕಲ್ಯಾಣದ ಸ್ತ್ರೀಧನವಿಚಾರವೂ

ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುವ ಬೋರಮಾಳ, ಪುತಳಿಸರ, ಪಾಟಲಿ ಮೊದಲಾದ ಚಿನ್ನದ ವಿವಾಹಾಭರಣಗಳು ಬಹುಮಟ್ಟಿಗೆ ಈಚಿನ ಶತಮಾನಗಳವು. ತಾಯಿಯ ಒಡವೆಯನ್ನು ಕರಗಿಸಿ ಮಗಳಿಗೆ ಹೊಸದನ್ನು ಮಾಡಿಸುವುದು ವಾಡಿಕೆಯಾದುದರಿಂದ ಪ್ರಾಚೀನಾಭರಣಗಳು ಉಳಿದುಬಂದುದು ವಿರಳ. ಬಸವಕಲ್ಯಾಣ, ಹುಮನಾಬಾದು ಸೀಮೆಯಲ್ಲಿ ಈ ಕೊರತೆಯನ್ನು ಶಿಲೆಯೂ ಗ್ರಂಥವೂ ತುಂಬಿಕೊಡುವುವು. ಹುಮನಾಬಾದು ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದಲ್ಲಿ ಸಾಲಂಕೃತೆಯರಾದ ಶಿಲಾಬಾಲಿಕೆಯರಿರುವರು. ಅವರಲ್ಲೊಬ್ಬಳು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವಂತೆ ಕಂಡರಿಸಲ್ಪಟ್ಟಿರುವಳು. ಆತನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಭೂಷಣಗಳಿಗಾಗಿಯೇ ಒಂದು ಅಧ್ಯಾಯವುಂಟು.

ಇವು ಒಡವೆಯ ರೂಪವನ್ನು ತಿಳಿಸುವುವೇ ಹೊರತು ಅದು ಯಾರದೆಂಬುದನ್ನು ಹೇಳಲಾರವು. ಆ ಪ್ರಶ್ನೆಗೆ ಉತ್ತರವು, ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿಯೇ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ದೊರೆಯುವುದು. ತಂದೆ, ತಾಯಿ, ಪತಿ, ಸೋದರರು ಕೊಟ್ಟುದೂ ವಿವಾಹಾಗ್ನಿಯ ಸನ್ನಿಧಿಯಲ್ಲಿ ಬಂದುದೂ ಸ್ತ್ರೀಧನವೆಂಬುದು ಸ್ಮೃತಿಯ ಮತ. ವಿಜ್ಞಾನೇಶ್ವರನು ಇಷ್ಟಕ್ಕೇ ನಿಲ್ಲದೆ, ಸ್ತ್ರೀಧನಶಬ್ದವು ಪಾರಿಭಾಷಿಕವಲ್ಲ, ಯೌಗಿಕವೆಂದು ಸಾಧಿಸಿ, ದಾಯ, ಕ್ರಯ, ವಿಭಾಗಾದಿಗಳಿಂದ ಸ್ತ್ರೀಗೆ ಬಂದುದನ್ನೂ ಅದರಲ್ಲಿ ಸೇರಿಸಿದನು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ, ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡುದನ್ನು ಪತಿಯು ಹಿಂದಿರುಗಿಸಬೇಕಾದುದಿಲ್ಲ. ಅನ್ಯಥಾ ತೆಗೆದುಕೊಂಡುದನ್ನು ಹಿಂದಿರುಗಿಸಲೇಬೇಕು. ತಾಯಿಯ ತರುವಾಯ ಸ್ತ್ರೀಧನಕ್ಕೆ ಮೊದಲು ಹೆಣ್ಣುಮಕ್ಕಳೇ ಅಧಿಕಾರಿಣಿಯರು. ಅವರಲ್ಲಿಯೂ ಅವಿವಾಹಿತೆಗೆ ಪ್ರಾಶಸ್ತ್ಯ.

ಇದರಿಂದ ಒಂದು ವಿಷಯವು ಸ್ಪಷ್ಟವಾಗುವುದು. ಚಿನ್ನವು ಕರಗಿ ಆಕಾರವು ಮಾರ್ಪಟ್ಟರೂ ಸ್ವತ್ವವು ಕರಗದು. ಟೀಕಿಯು ಸರವಾದರೂ ಅದು ಸ್ತ್ರೀಯ ಧನವೇ. ಭೂಮಿ, ಮನೆಗಳು ಸಾಮಾನ್ಯವಾಗಿ ಪುರುಷಪರಂಪರೆಯಲ್ಲಿ ಸಾಗುತ್ತಿದ್ದ ಸಮಾಜದಲ್ಲಿ ತಾಯಿಯಿಂದ ಮಗಳಿಗೆ ಸಲ್ಲುವ ಸೊತ್ತು ಇದೊಂದಿದ್ದಿತು. ಶಾಸ್ತ್ರವು ಹೀಗೆ ವಿಧಿಸಿದ್ದರೂ ವ್ಯವಹಾರದಲ್ಲಿ ವಿವಾದವು ಅಡಗಲಿಲ್ಲ. 1985ರಲ್ಲಿಯೂ ಭಾರತದ ಸರ್ವೋಚ್ಚ ನ್ಯಾಯಾಲಯವು, ಸ್ತ್ರೀಧನದ ಒಡೆತನವು ಪತ್ನಿಯದೇ, ಅದನ್ನು ಇರಿಸಿಕೊಂಡ ಪತಿಯು ಕೇವಲ ರಕ್ಷಕನೆಂದು ನಿರ್ಣಯಿಸಬೇಕಾಯಿತು.

ಆದಕಾರಣ ವಿವಾಹಾಭರಣವನ್ನು ಸಂಗ್ರಹಿಸುವಾಗ ಲೋಹ, ತೂಕ, ಕಾಲಗಳನ್ನು ಮಾತ್ರ ದಾಖಲೆ ಮಾಡಿದರೆ ಸಾಲದು. ಕೊಟ್ಟವರಾರು, ತೊಟ್ಟವಳಾರು, ಅದು ಯಾವ ಮಗಳಿಗೆ ಸಂದಿತು ಎಂಬುದನ್ನೂ ತಿಳಿದಮಟ್ಟಿಗೆ ಬರೆದಿರಿಸತಕ್ಕುದು. ವಿಕ್ರಮಾದಿತ್ಯನ ಹೆಸರನ್ನು ಬರೆದ ಜಲಸಂಗಿಯ ಬಾಲಿಕೆಯ ಹೆಸರು ಯಾರಿಗೂ ತಿಳಿಯದು. ಒಡವೆಯ ಒಡತಿಯರಿಗೂ ಅದೇ ಗತಿ ಒದಗಬಾರದು.